ನಾನು ಬರೆಯದ ಮೂವತ್ತೊಂದು ಕಾದಂಬರಿಗಳು

ಹೆಂಡತಿಯನ್ನು ಒಂದು ಮಾತೂ ಕೇಳದೆ ಅವಳಿಗೆ ನಿವೃತ್ತಿ ಕೊಡಿಸಿದ ಗಂಡ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನಮ್ಮ ಮನೆಯಲ್ಲಿದ್ದಾರೆ! ಅದೂ ಎಂಥ ಕೆಲಸದಿಂದ ನಿವೃತ್ತಿ? ನಾನು ಒಂದು ದಿನವೂ ಮಾಡದ ಕೆಲಸದಿಂದ! ನಗಬೇಡಿ. ನಲವತ್ತೆರಡನೆಯ ವಯಸ್ಸಿನಲ್ಲಿ, ಕೀರ್ತಿ ತುತ್ತತುದಿಯಲ್ಲಿದ್ದಾಗ ನಾನು ನಿವೃತ್ತಳಾದೆ. ಆ ಸುದ್ದಿ ನನಗೆ ಗೊತ್ತಾದದ್ದು ಪಕ್ಕದ ಮನೆಯ ಅತ್ತಿಗೆಯಿಂದ.

ತೊಂಬತ್ತಾರರ ಬೇಸಿಗೆ. ಶಿರಸಿಯ ನಮ್ಮ ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದೆ. ಅತ್ತಿಗೆ ವಾರಪತ್ರಿಕೆ ಹಿಡಿದುಕೊಂಡು ಓಡಿಬಂದರು.

"ಏ, ನೀ ಬರೆಯದು ಬಿಟ್ಯಡ, ಹೌದನೇ?"

"ಹೌದಾ? ಎಂಗೆ ಗೊತ್ತೇ ಇಲ್ಲೆ!" ಎಂದೆ. ಸತ್ಯವನ್ನೇ ಹೇಳಿದ್ದೆ.

"ಅಬ್ಬಾ, ಎಷ್ಟು ವಿನಯ ಮಾರಾಯ್ತಿ ನಿಂಗೆ!" ಎಂದು ಅತ್ತಿಗೆ ಕಣ್ಣೊರೆಸಿಕೊಂಡರು.

ಬೂದಿ ಕೈಯಲ್ಲೇ ಪತ್ರಿಕೆ ಇಸಿದುಕೊಂಡು ನೋಡಿದೆ. ಚೌಕಟ್ಟು ಹಾಕಿ ಅಚ್ಚು ಮಾಡಿದ್ದರು. 'ನಿಮ್ಮ ಮೆಚ್ಚಿನ ಲೇಖಕಿ ಇನ್ನು ಮುಂದೆ ಬರೆಯುವುದಿಲ್ಲ. ಇದುವರೆಗಿನ ಪ್ರೀತಿಗೆ ವಂದನೆಗಳು.' ಪಕ್ಕದಲ್ಲಿ ನನ್ನ ಫೋಟೋ. ಕೆಳಗೆ ನನ್ನ ಸಹಿ. ಆ ಸಹಿಯೂ ನಾನು ಹಾಕಿದ್ದಲ್ಲ.

ವಿಷಯ ಇಷ್ಟು. ಇವರು ಸೊಸೈಟಿಯಲ್ಲಿ ಗುಮಾಸ್ತರಾಗಿದ್ದಾಗ ವಾರಪತ್ರಿಕೆಗಳಿಗೆ ಕತೆ ಕಳಿಸುತ್ತಿದ್ದರು. ಕತೆಗಳು ಹೋದಷ್ಟೇ ಬೇಗ ತಿರುಗಿ ಬರುತ್ತಿದ್ದವು. ಎಪ್ಪತ್ತೇಳರಲ್ಲಿ ಒಂದು ಸಲ, ಹಾಗೆ ತಿರುಗಿ ಬಂದ ಕತೆಯನ್ನೇ, ಒಂದಕ್ಷರ ತಿದ್ದದೆ, ನನ್ನ ಹೆಸರು ಹಾಕಿ ಕಳಿಸಿದರು. ಹದಿನೈದು ದಿನಕ್ಕೆ ಸಂಪಾದಕರ ಕಾಗದ ಬಂತು: 'ಹೆಣ್ಣಿನ ಅಂತರಂಗವನ್ನು ಹೆಣ್ಣೊಬ್ಬಳೇ ಹೀಗೆ ಬರೆಯಬಲ್ಲಳು.' ಆ ಕಾಗದ ಓದಿ ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಕಾದಂಬರಿ ಶುರು ಮಾಡಿದರು. ನನ್ನ ಹೆಸರಿನಲ್ಲಿ!

ಆಮೇಲೆ ನಿಲ್ಲಲೇ ಇಲ್ಲ. ಹತ್ತೊಂಬತ್ತು ವರ್ಷ, ಮೂವತ್ತೊಂದು ಕಾದಂಬರಿ. ಇವರು ಸೊಸೈಟಿಯ ಕೆಲಸ ಬಿಟ್ಟರು. ಆ ಪುಸ್ತಕಗಳೇ ಈ ಮನೆ ಕಟ್ಟಿಸಿದವು. ಊರಿನವರು ಮಾತ್ರ "ಹೆಂಡ್ತಿ ದುಡಿಮೇಲಿ ಕೂತು ಉಣ್ತ" ಎಂದು ಇವರ ಬೆನ್ನ ಹಿಂದೆ ಆಡಿಕೊಂಡರು, ಕೆಲವರು ಬೆನ್ನ ಹಿಂದೆ ಎಂಬ ಮರ್ಯಾದೆಯನ್ನೂ ಇಟ್ಟುಕೊಳ್ಳಲಿಲ್ಲ. ಪ್ರಕಾಶಕರು ಮನೆಗೆ ಬಂದರೆ ನಾನು ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ ಕೂತು ನಾಯಕಿಯ ಮನಸ್ಥಿತಿಯ ಬಗ್ಗೆ ಮಾತಾಡಬೇಕು. ಇವರು ಚಾ ತಂದುಕೊಟ್ಟು ಬಾಗಿಲ ಸಂದಿಯಲ್ಲಿ ನಿಲ್ಲಬೇಕು. ಒಮ್ಮೆ ಆ ಪುಣ್ಯಾತ್ಮರು ಹೊರಡುವಾಗ ಇವರ ಬೆನ್ನು ತಟ್ಟಿ, "ನಿಮ್ಮಂಥ ಗಂಡ ಸಿಗಬೇಕು ನೋಡಿ, ಚಾ ಚೆನ್ನಾಗಿತ್ತು" ಎಂದರು. ಚಾ ಮಾಡಿದ್ದು ನಾನು! ಇಡೀ ವ್ಯವಹಾರದಲ್ಲಿ ನಾನು ನಿಜವಾಗಿ ಮಾಡಿದ್ದು ಅದೊಂದೇ, ಅದರ ಹೆಸರೂ ಇವರಿಗೆ ಹೋಯಿತು.

ಹಾಗಾದರೆ ನನ್ನದು ಏನೂ ಇರಲಿಲ್ಲವೇ? ಇತ್ತು. ಅದನ್ನು ಹೇಳದೆ ಬಿಟ್ಟರೆ ನನ್ನ ಹೊಟ್ಟೆಯುರಿ ತಣ್ಣಗಾಗುವುದಿಲ್ಲ. ಇವರು ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಕೂತು ಬರೆಯುತ್ತ ಇದ್ದಕ್ಕಿದ್ದಂತೆ ಕೆಳಗಿಳಿದು ಬರುತ್ತಿದ್ದರು.

"ಏ, ಗಂಡ ಬೈದ್ರೆ ಹೆಂಗಸ್ರು ಎಲ್ಲಿ ಕೂತು ಅಳ್ತ? ಕೋಣೆಲ್ಲಾ, ಒಲೆ ಮುಂದಾ?"

"ಅಳಲೆ ಪುರಸೊತ್ತು ಯಾರಿಗಿದ್ದು? ಒಲೆ ಮೇಲೆ ಹಾಲು ಇಟ್ಟಾಯ್ದು!"

ಅಷ್ಟು ಸಾಕು. ದಡದಡ ಮೆಟ್ಟಿಲು ಹತ್ತಿ ಓಡುತ್ತಿದ್ದರು. ಮುಂದಿನ ವಾರದ ಕಂತಿನಲ್ಲಿ ನಾಯಕಿ ಅದನ್ನೇ ಹೇಳುತ್ತಿದ್ದಳು. ಅದನ್ನೋದಿ ಯಾವಳೋ ದಾವಣಗೆರೆಯಿಂದ 'ಅಕ್ಕಾ, ಈ ಸಾಲು ಓದಿ ರಾತ್ರಿಯಿಡೀ ಅತ್ತೆ' ಎಂದು ನನಗೆ ಕಾಗದ ಬರೆಯುತ್ತಿದ್ದಳು!

ಮಾತು ಸುಮ್ಮನೆ ಸಿಗದಿದ್ದರೆ ಇವರು ಜಗಳ ತೆಗೆಯುತ್ತಿದ್ದರು. ಸಾರಿಗೆ ಹುಳಿ ಜಾಸ್ತಿ, ಅಂಗಿಗೆ ಗುಂಡಿಯಿಲ್ಲ, ನಿನ್ನ ತಮ್ಮ ಮೊನ್ನೆ ಮರ್ಯಾದೆ ಕೊಡಲಿಲ್ಲ, ನೆಪಕ್ಕೇನು ಬರಗಾಲ? ನಾನು ಕಾವೇರಿಸಿಕೊಂಡು ಒಂದು ಒಳ್ಳೆಯ ಮಾತು ಆಡಿದೆನೋ, ಇವರ ಮುಖದಲ್ಲಿ ಬೆಳಕು ಬರುತ್ತಿತ್ತು. ಜಗಳವನ್ನು ಅರ್ಧಕ್ಕೇ ಬಿಟ್ಟು ಮೆತ್ತಿಗೆ ಓಟ! ನಾನು ಕೆಳಗೆ ನಿಂತು ಉಳಿದರ್ಧ ಜಗಳವನ್ನು ಗೋಡೆಯ ಹತ್ತಿರ ಮುಗಿಸಬೇಕಿತ್ತು. ಆದರೂ ಆ ದಿನಗಳಲ್ಲಿ ಒಳಗೊಳಗೇ ಒಂದು ಸೊಕ್ಕಿತ್ತು. ನನ್ನ ಮಾತನ್ನು ಇಷ್ಟು ಆಸೆಯಿಂದ ಕೇಳುವ ಗಂಡ ಯಾರಿಗಿದ್ದಾರೆ ಎಂದುಕೊಳ್ಳುತ್ತಿದ್ದೆ.

ಈ ಗುಟ್ಟು ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ನಿಲ್ಕುಂದದಲ್ಲಿದ್ದ ನನ್ನ ಆಯಿಗೂ, ಅಂದರೆ ಅಮ್ಮನಿಗೂ. ಆಯಿಗೆ ಓದಲು ಬರುತ್ತಿರಲಿಲ್ಲ. ವಾರವಾರವೂ ಪಕ್ಕದ ಮನೆಯ ಗಂಗೆಯನ್ನು ಕೂರಿಸಿಕೊಂಡು ಓದಿಸಿ ಕೇಳುತ್ತಿದ್ದಳು. ಕೇಳಿ ಸುಮ್ಮನಿರುತ್ತಿದ್ದಳೇ? ಬಸ್ಸಿನ ಕಂಡಕ್ಟರನ ಹತ್ತಿರ ನನಗೆ ಹೇಳಿ ಕಳಿಸುತ್ತಿದ್ದಳು. ಒಮ್ಮೆ ಶಿರಸಿಯ ಬಸ್‌ ಸ್ಟ್ಯಾಂಡಿನಲ್ಲಿ ಆ ಕಂಡಕ್ಟರ್ ನನ್ನನ್ನು ಕಂಡು ಬಾಗಿಲಲ್ಲೇ ನಿಂತು ಕೂಗಿದ.

"ಅಕ್ಕಾ, ನಿಮ್ಮ ಆಯಿ ಹೇಳಿ ಕಳ್ಸಿದಾರೆ! ಆ ಸುಮತಿನ್ನ ಯಾವ ಕಾರಣಕ್ಕೂ ಗಂಡನ ಮನೆಗೆ ವಾಪಸ್ ಕಳಿಸ್ಬೇಡ ಅಂತೆ! ಅವ ಕುಡಿಯೋದು ಬಿಟ್ಟಿಲ್ವಂತೆ!"

ಬಸ್ಸಿನೊಳಗಿದ್ದವರೆಲ್ಲ ಕಿಟಕಿಗೆ ಮುಖ ಹಚ್ಚಿ ನನ್ನನ್ನು ನೋಡಿದರು. ಯಾರ ಮನೆಯ ಹುಡುಗಿಯೋ ಪಾಪ! ಒಬ್ಬ ಮುದುಕರಂತೂ ಇಳಿದು ಬಂದು, "ನೀವು ಪೋಲೀಸ್ ಕಂಪ್ಲೇಂಟೇ ಕೊಡಿ ತಂಗಿ" ಎಂದು ಬುದ್ಧಿ ಹೇಳಿದರು. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ತಲೆ ಕೆರೆದುಕೊಂಡು ಎರಡು ಕಂತು ಹರಿದು ಹಾಕಿ, ಸುಮತಿಯನ್ನು ತವರಿನಲ್ಲೇ ಉಳಿಸಿ ಟೀಚರ್ ಮಾಡಿದರು. ಸಂಪಾದಕರ ಮಾತಿಗೂ ಜಗ್ಗದವರು ನನ್ನ ಆಯಿಗೆ ಹೆದರುತ್ತಿದ್ದರು.

ಆ ಆಯಿ ತೊಂಬತ್ತಾರರ ಚೈತ್ರದಲ್ಲಿ ತೀರಿಕೊಂಡಳು. ಅದಾಗಿ ಒಂದೂವರೆ ತಿಂಗಳಿಗೆ ನನ್ನ ಈ ನಿವೃತ್ತಿಯ ಪ್ರಕಟಣೆ! ಪತ್ರಿಕೆ ಹಿಡಿದು ಮೆತ್ತಿಗೆ ಹೋದೆ. ಇವರು ಕಿಟಕಿಯ ಹತ್ತಿರ ಕೈಕಟ್ಟಿ ಕೂತಿದ್ದರು.

"ಇದೆಂತದು?"

"ಸಾಕು. ಮುಗತ್ತು."

"ಎಂತಕ್ಕೆ?"

"ಸಾಕು."

ಮೂವತ್ತೊಂದು ಕಾದಂಬರಿಯಲ್ಲಿ ಪುಟಗಟ್ಟಲೆ ಸಂಭಾಷಣೆ ಬರೆದ ಮನುಷ್ಯನ ಹತ್ತಿರ ಅಷ್ಟೇ ಉಳಿದಿತ್ತು ನೋಡಿ!

ಅಲ್ಲಿಂದ ಶುರುವಾಯಿತು ಇವರ ನಿವೃತ್ತ ಜೀವನ. ಮೊದಲು ಪೆನ್ನುಗಳನ್ನೆಲ್ಲ ದಾನ ಮಾಡಿದರು. ಆಮೇಲೆ ಬರೆಯುವುದಿಲ್ಲ ಎಂದರೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ಹಟ ಹಿಡಿದರು. ಒಂದು ದಿನ ಮನೆಯ ಕಾಗದಪತ್ರಕ್ಕಾಗಿ ಕಚೇರಿಗೆ ಇಬ್ಬರೂ ಹೋದೆವು. ಗುಮಾಸ್ತರು ಸಹಿ ಹಾಕಿ ಎಂದು ಪೆನ್ನು ಕೊಟ್ಟರು. ಇವರು ಪೆನ್ನನ್ನು ಪಕ್ಕಕ್ಕಿಟ್ಟು, ಎಡಗೈಯ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದರು! ಆ ಗುಮಾಸ್ತರು ನನ್ನ ಓದುಗರು. ಹೆಬ್ಬೆಟ್ಟಿನ ಗುರುತನ್ನೂ ನನ್ನನ್ನೂ ಎರಡೆರಡು ಸಲ ನೋಡಿ ದನಿ ತಗ್ಗಿಸಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಇಷ್ಟು ದೊಡ್ಡ ಲೇಖಕಿ. ಯಜಮಾನ್ರಿಗೆ ಒಂದು ಸಹಿ ಹಾಕೋಕಾದ್ರೂ ಕಲಿಸಬಹುದಿತ್ತಲ್ವಾ?"

"ಕಲಿಯುವ ಮನಸ್ಸಿಲ್ಲ ಅವರಿಗೆ" ಎಂದೆ. ಇವರು ಹೆಬ್ಬೆಟ್ಟನ್ನು ಗೋಡೆಗೆ ಒರೆಸುತ್ತ ತಲೆಯಾಡಿಸಿದರು.

ಬರೆಯುವುದು ಬಿಟ್ಟ ಕೈಗೆ ಏನಾದರೂ ಬೇಕಲ್ಲ! ಹಪ್ಪಳ ಹಿಡಿಯಿತು. ಹೌದು, ಹಲಸಿನಕಾಯಿ ಹಪ್ಪಳ. ನಮ್ಮ ಕಡೆ ಗಂಡಸರು ಒರಳಿನಲ್ಲಿ ಹಿಟ್ಟು ಕುಟ್ಟಿ ಕೊಡುವುದುಂಟು, ಆದರೆ ಹಪ್ಪಳ ಒತ್ತುವುದು ಹೆಂಗಸರ ಕೆಲಸ. ಇವರು ಹಲಸಿನ ಸೊಳೆ ಬಿಡಿಸುವುದರಿಂದ ಡಬ್ಬಿ ತುಂಬುವವರೆಗೆ ಒಬ್ಬರೇ! ಮಾರಲಿಕ್ಕೂ ಅಲ್ಲ, ತಿನ್ನಲಿಕ್ಕೂ ಅಲ್ಲ. ಡಬ್ಬಿಯ ಮೇಲೆ ಡಬ್ಬಿ. ಒತ್ತುವುದಕ್ಕೆ ಮಣೆ ಸರಿಬರಲಿಲ್ಲವಂತೆ, ಮೇಲ್ಮೈ ಸಾಪಾಗಿಲ್ಲವಂತೆ. ಒಂದು ಮಧ್ಯಾಹ್ನ ನಾನು ನಿದ್ದೆ ತಿಳಿದೆದ್ದು ನೋಡುತ್ತೇನೆ, ಜಗಲಿಯ ಗೋಡೆಯ ಮೇಲಿದ್ದ ನನ್ನ ಸನ್ಮಾನಪತ್ರಗಳ ಗಾಜುಗಳೆಲ್ಲ ಮಾಯ! ಎಲ್ಲವನ್ನೂ ಬಿಚ್ಚಿ, ತೊಳೆದು, ಎಣ್ಣೆ ಸವರಿ, ಎರಡೆರಡು ಗಾಜುಗಳ ನಡುವೆ ಉಂಡೆಯಿಟ್ಟು ಹಪ್ಪಳ ಒತ್ತುತ್ತ ಕೂತಿದ್ದಾರೆ. ಗೋಡೆಯ ಮೇಲೆ ಬರೀ ಚೌಕಟ್ಟು. ಗಾಳಿ ಬಂದಾಗಲೆಲ್ಲ 'ನಾಡಿನ ಹೆಮ್ಮೆಯ ಮಗಳೇ' ಎಂಬ ಕಾಗದ ಪಟಪಟ ಎನ್ನುತ್ತಿತ್ತು.

ಸಿಟ್ಟು ನೆತ್ತಿಗೇರಿತು. ಎದುರಿಗೆ ಹೋಗಿ ಒಂದು ಹಪ್ಪಳ ಎತ್ತಿ ಹಿಡಿದೆ.

"ಅಂಚು ದಪ್ಪ, ಮಧ್ಯ ತೆಳು. ನಿಂಗಳ ಹದಿನೇಳನೇ ಕಾದಂಬರಿನೂ ಹಿಂಗೇ ಇದ್ದಿತ್ತು!"

ಮೊದಲಾಗಿದ್ದರೆ ಈ ಮಾತಿಗೆ ಮೆತ್ತಿಗೆ ಓಡಿರುತ್ತಿದ್ದರು. ಅವತ್ತು ತಲೆ ಎತ್ತಲಿಲ್ಲ. ಇನ್ನೊಂದು ಉಂಡೆ ತೆಗೆದುಕೊಂಡು ಗಾಜಿನ ಮೇಲಿಟ್ಟರು.

ಆಮೇಲೆ ಮಂಚಿಕೇರಿಯ ಸನ್ಮಾನ. ನಿವೃತ್ತಳಾದವಳಿಗೆ ಸನ್ಮಾನ ಹೆಚ್ಚು ಕಣ್ರೀ, ಇನ್ನು ಮುಂದೆ ಓದುವ ಕಷ್ಟವಿಲ್ಲವಲ್ಲ! ಅದುವರೆಗೆ ನನ್ನ ಭಾಷಣಗಳನ್ನೂ ಇವರೇ ಬರೆದುಕೊಟ್ಟು, ಮೊದಲ ಸಾಲಿನಲ್ಲಿ ಕೂತು ತುಟಿಯಲ್ಲೇ ನನ್ನೊಟ್ಟಿಗೆ ಹೇಳುತ್ತಿದ್ದರು. ಈ ಸಲ ಬರೆಯಲಿಲ್ಲ, ಬರಲೂ ಇಲ್ಲ. ಒಬ್ಬಳೇ ಬಸ್ಸು ಹತ್ತಿ ಹೋದೆ. ಮೈಕಿನ ಮುಂದೆ ನಿಂತೆ. ಆದದ್ದಾಗಲಿ ಎಂದು ಜೀವನದಲ್ಲಿ ಮೊದಲ ಸಲ ನನ್ನದೇ ಮಾತು ಆಡಿದೆ. ಹೆಂಗಸರಿಗೆ ಅಳಲು ಪುರಸೊತ್ತಿಲ್ಲ, ಒಲೆಯ ಮೇಲೆ ಹಾಲಿಟ್ಟಿರುತ್ತದೆ ಎಂದೆ. ಸಿಟ್ಟು ಬಂದರೆ ನಾವು ಕಿರುಚುವುದಿಲ್ಲ, ಸಾರಿಗೆ ಉಪ್ಪು ಹಾಕುವುದು ಮರೆಯುತ್ತೇವೆ ಎಂದೆ. ಏನು ಚಪ್ಪಾಳೆ! ಎದೆಯುಬ್ಬಿ ಕೆಳಗಿಳಿದು ಬಂದರೆ ಒಬ್ಬ ನಿವೃತ್ತ ಮಾಸ್ತರರು ಕೈಮುಗಿದು ನಿಂತಿದ್ದರು.

"ಅಮ್ಮಾ, ಭಾಷಣ ಬಹಳ ಚೆನ್ನಾಗಿತ್ತು. ಆದರೆ ಎಲ್ಲ ಹಳೇದೇ ಆಯ್ತು. ಅದು ನಿಮ್ಮ ಹನ್ನೊಂದನೇ ಕಾದಂಬರಿ, ಇದು ಇಪ್ಪತ್ತನೇದು. ಹೊಸದು ಏನಾದರೂ ಹೇಳ್ತೀರಿ ಅಂದ್ಕೊಂಡಿದ್ದೆ."

ಈಗ ಹೇಳಿ, ನಗಲೋ ಅಳಲೋ? ನನ್ನ ಬಾಯಿಯ ಮಾತೆಲ್ಲ ಆಗಲೇ ಅಚ್ಚಾಗಿ, ಮಾರಾಟವಾಗಿ, ಲೈಬ್ರರಿಯಲ್ಲಿ ಗೆದ್ದಲು ಹಿಡಿಯುತ್ತಿತ್ತು. ನನಗೆಂದು ಆಡಲು ಒಂದು ಮಾತನ್ನೂ ಉಳಿಸದೆ ಇವರು ನಿವೃತ್ತರಾಗಿದ್ದರು. ರಾತ್ರಿ ಮನೆಗೆ ಬಂದೆ. ಸನ್ಮಾನ ಹೇಗಾಯಿತು ಎಂದು ಕೇಳುತ್ತಾರೇನೋ ಎಂದು ಕಾದೆ. ಇವರು ಫಲದ ಬುಟ್ಟಿಯಲ್ಲಿದ್ದ ಗಾಜಿನ ಚೌಕಟ್ಟನ್ನು ತೆಗೆದು, ಬೆರಳಲ್ಲಿ ತಟ್ಟಿ, "ಗಾಜು ದಪ್ಪ ಇದ್ದು" ಎಂದರು. ಅಷ್ಟೇ.

ಕಿರವತ್ತಿಯ ಕತೆ ಇನ್ನೂ ಕೇಡು. ಯಲ್ಲಾಪುರದಲ್ಲಿ ಒಂದು ಮದುವೆ ಮುಗಿಸಿ ಹುಬ್ಬಳ್ಳಿಯ ಮಗಳ ಮನೆಗೆ ಹೊರಟಿದ್ದೆವು. ಕಿರವತ್ತಿಯಲ್ಲಿ ಬಸ್ಸು ಕೆಟ್ಟು ನಿಂತಿತು. ರಸ್ತೆ ಪಕ್ಕದ ಧಾಬಾಕ್ಕೆ ಊಟಕ್ಕೆ ಹೋದರೆ, ಅದರ ಮಾಲೀಕ ನನ್ನನ್ನು ನೋಡಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದ.

"ಅಕ್ಕಾರ, ನೀವಲ್ಲೇನ್ರಿ? ಪುಸ್ತಕದ ಹಿಂದ ಫೋಟೋ ನೋಡೇನ್ರಿ! ಬರ್ರಿ ಬರ್ರಿ, ಕುಂದರ್ರಿ! ನಿಮ್ಮ ಕಾದಂಬರಿ ಓದೇ ನಾ ಮನಿಯವರ ಮಾತು ಮೀರಿ ಈಕಿನ್ನ ಲಗ್ನಾ ಆದೆ ನೋಡ್ರಿ!"

ಒಲೆಯ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು: "ಹೌದ್ರಿ ಅಕ್ಕಾರ, ಅದಕ್ಕ ನಾ ಇವತ್ತಿಗೂ ಇಲ್ಲಿ ರೊಟ್ಟಿ ಬಡ್ಯಾಕತ್ತೇನ್ರಿ!"

ಎಲ್ಲರೂ ನಕ್ಕರು. ಅವನು ಕೈ ಕಟ್ಟಿಕೊಂಡು ಕೇಳಿದ: "ಖರೇ ಹೇಳ್ರಿ, ಬರಿಯೂದು ಯಾಕ್ ಬಿಟ್ಟ್ರಿ?"

ಅದೇ ಪ್ರಶ್ನೆಯನ್ನು ನಾನು ಎಷ್ಟು ವರ್ಷದಿಂದ ಕೇಳುತ್ತಿದ್ದೆ! "ಇವರನ್ನೇ ಕೇಳ್ರಿ" ಎಂದೆ. ಅವನು ಇವರ ಕಡೆ ತಿರುಗಿದ. "ಯಜಮಾನ್ರ, ನೀವಾರ ಅಕ್ಕಾರಿಗೆ ಒಂದು ಮಾತು ಹೇಳಬಾರದೇನ್ರಿ?"

ಇವರು ರೊಟ್ಟಿ ಮುರಿಯುತ್ತ ಹೇಳಿದರು: "ನಮಗೆ ಅದೆಲ್ಲ ತಿಳಿಯೂದಿಲ್ರಿ. ಇನ್ನೊಂದು ಸ್ವಲ್ಪ ಪಲ್ಯ ಹಾಕ್ಸಿ."

ಧಾಬಾದವನು ನನ್ನನ್ನು ಕನಿಕರದಿಂದ ನೋಡಿದ. ಇಂಥವಳಿಗೆ ಇಂಥವನೇ! ನಾನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದೆ. ಬಸ್ಸು ಹೊರಟ ಮೇಲೆ ಕಿಟಕಿಯ ಕಡೆ ತಿರುಗಿ ಕೂತವಳು ಹುಬ್ಬಳ್ಳಿ ಬರುವವರೆಗೆ ಮುಖ ತಿರುಗಿಸಲಿಲ್ಲ. ಏನಾಯಿತು ಎಂದು ಇವರು ಕೇಳಲೂ ಇಲ್ಲ. ಹತ್ತೊಂಬತ್ತು ವರ್ಷ ಈ ಮನುಷ್ಯ ನನ್ನ ಒಂದೊಂದು ಮಾತಿಗೂ ಕಿವಿಗೊಟ್ಟಿದ್ದರು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಬರೀ ಕಚ್ಚಾಮಾಲಿನ ಖರೀದಿ ಎಂದು ಅವತ್ತು ಕಿರವತ್ತಿಯ ರಸ್ತೆಯಲ್ಲಿ ನನಗೆ ಖಾತ್ರಿಯಾಯಿತು. ಕಾರ್ಖಾನೆ ಮುಚ್ಚಿತು, ಮಾಲು ಯಾರಿಗೆ ಬೇಕು? ಆಮೇಲಿನ ವರ್ಷಗಳನ್ನು ನಾವು ಉಪ್ಪು, ಗ್ಯಾಸು, ಕರೆಂಟಿನ ಮಾತಿನಲ್ಲೇ ಕಳೆದೆವು.

ಮೊನ್ನೆ, ಅಂದರೆ ಎರಡು ಸಾವಿರದ ನಾಲ್ಕರ ಈ ಬೇಸಿಗೆಯಲ್ಲಿ, ನಿಲ್ಕುಂದದಿಂದ ಕಾಗದ ಬಂತು. ನಾನು ಓದಿದ ಶಾಲೆಯಲ್ಲಿ 'ಊರಿನ ಮಗಳಿಗೆ ಸನ್ಮಾನ'. ಆಯಿಗೆ ಓದಿ ಹೇಳುತ್ತಿದ್ದ ಗಂಗೆಯೇ ಈಗ ಅಲ್ಲಿ ಟೀಚರ್. ಅವಳೇ ಸನ್ಮಾನಪತ್ರ ಓದುತ್ತಾಳಂತೆ. ಕಾಗದ ಹಿಡಿದುಕೊಂಡೇ ತಾರಸಿಗೆ ಹೋದೆ. ಇವರು ಚಾಪೆ ಹಾಸಿ, ಗಾಜುಗಳನ್ನಿಟ್ಟುಕೊಂಡು ಹಪ್ಪಳ ಒತ್ತುತ್ತಿದ್ದರು.

"ನಿಲ್ಕುಂದದವು ಕರದ್ದ. ಬೇರೆ ಊರಲ್ಲಿ ಆದಾಂಗೆ ಅಲ್ಲಿ ಆಗದಿಲ್ಲೆ. ಎನ್ನ ಆಯಿ ಬದುಕಿದ್ದ ಊರು ಅದು. ಅಲ್ಲಿ ನಿಂತು ಸುಳ್ಳು ಹೇಳದಿಲ್ಲೆ. ಈ ಸಲ ಖರೆ ಹೇಳದೇಯ" ಎಂದೆ.

ಇವರ ಕೈ ಗಾಜಿನ ಮೇಲೆ ನಿಂತಿತು. ಕೆಳಗಿನ ಹಪ್ಪಳ ಹರಡಿ ಹರಡಿ ಅಂಚಿನಿಂದ ಹೊರಗೆ ಬಂತು.

"ನಿನ್ನ ಆಯಿಯ ಪೆಟ್ಟಿಗೆ ತೆಗೆದ ದಿನ ನೆನಪಿದ್ದಾ?" ಎಂದರು.

ಮರೆಯುವುದುಂಟೇ? ಆಯಿಯ ದಿನಗಳೆಲ್ಲ ಮುಗಿದ ಮೇಲೆ ಅವಳ ತಗಡಿನ ಪೆಟ್ಟಿಗೆ ತೆಗೆದಿದ್ದೆವು. ಸೀರೆಗಳ ಅಡಿಯಲ್ಲಿ ನನ್ನ ಹೆಸರಿನ ಧಾರಾವಾಹಿಗಳೆಲ್ಲ ಇದ್ದವು. ವಾರವಾರದ ಹಾಳೆ ಕತ್ತರಿಸಿ, ಗೋಣಿ ಹೊಲಿಯುವ ದಬ್ಬಣದಲ್ಲಿ ಪುಸ್ತಕ ಮಾಡಿ ಹೊಲಿದಿದ್ದಳು. ಓದಲು ಬಾರದವಳಲ್ಲವೇ, ಕೆಲವು ಹಾಳೆ ತಲೆಕೆಳಗಾಗಿ ಸೇರಿದ್ದವು. ಅದನ್ನು ಮಡಿಲಲ್ಲಿಟ್ಟುಕೊಂಡು, "ಆಯಿಗೆ ಕಡೆಗೂ ಸುಳ್ಳು ಹೇಳೇ ಕಳಿಸದಾತಲಾ" ಎಂದು ನಾನು ಅತ್ತಿದ್ದೆ. ಇವರು ಪಕ್ಕದಲ್ಲೇ ಕೂತಿದ್ದರು.

"ನೀ ಅಳ್ತಾ ಇದ್ದಿದ್ದೆ" ಎಂದರು ಇವರು. "ಎನ್ನ ಕೈ ಜೇಬಲ್ಲಿ ಪೆನ್ನು ಹುಡುಕ್ತಾ ಇತ್ತು. ಆ ಮಾತು ಕೇಳಿ ಎಂಗೆ ಅಯ್ಯೋ ಪಾಪ ಅನಿಸಿದ್ದಿಲ್ಲೆ. ಕಡೇ ಕಂತಿಗೆ ಚಲೋ ಆಗ್ತು ಹೇಳಿ ಕಂಡ್ಚು. ಪೆನ್ನು ತೆಗೆದೂ ಆಗಿತ್ತು. ನೋಡಿದ್ರೆ ಕೈ ತುಂಬಾ ಶಾಯಿ. ಥೂ, ಇದೆಂತಾ ಕೈ ಹೇಳಿ ಆತು. ಅವತ್ತೇ ಸಾಕಾತು."

ನನಗೆ ಸಿಟ್ಟೇ ಬಂತು.

"ಮತ್ತೆ ಎಂಟು ವರ್ಷ ಬಾಯಿ ಮುಚ್ಗ್ಯಂಡು ಕೂತಿದ್ದು ಎಂತಕ್ಕೆ? ಎನ್ನ ಹತ್ರ ಒಂದು ಮಾತು ಹೇಳಲೆ ಆಗದಾಂಗೆ ಎಂತ ಆಗಿತ್ತು?"

"ಹೇಳಿದ್ರೆ ನೀ ಎಂತಾರೂ ಒಂದು ಹೇಳ್ತೆ. ಅದು ಚಲೋ ಇರ್ತು. ಮತ್ತೆ ಬರೆಯವು ಅನಸ್ತು" ಎಂದರು. "ಅದಕ್ಕೇ ಎಂತದನ್ನೂ ಕೇಳಿದ್ದಿಲ್ಲೆ. ಕೇಳಲೆ ಹೆದ್ರಿಕೆ ಆಗಿತ್ತು."

ಇಷ್ಟು ಹೇಳಿ ಅಂಗೈ ತಿರುಗಿಸಿ ನೋಡಿಕೊಂಡರು. ಎಣ್ಣೆ, ಹಿಟ್ಟು, ಖಾರ. ಅದೇ ಕೈಯಿಂದ ಕಣ್ಣೊರೆಸಿಕೊಂಡರು, ಖಾರ ಹತ್ತಿ ಇನ್ನಷ್ಟು ನೀರು ಬಂತು. ಎಂಟು ವರ್ಷ ನಾನು ಶಾಪ ಹಾಕಿದ ಮನುಷ್ಯ ಮಕ್ಕಳ ಹಾಗೆ ಕಣ್ಣುಜ್ಜಿಕೊಳ್ಳುತ್ತಿದ್ದರು. ನನಗೆ ಅಯ್ಯೋ ಪಾಪ ಎನಿಸಿತು. ಆದರೆ ದೇವರಾಣೆಗೂ ಹೇಳುತ್ತೇನೆ, ಅದೇ ಹೊತ್ತಿಗೆ ನನ್ನ ಕಣ್ಣು ಕಾಗದಕ್ಕಾಗಿ ಹುಡುಕುತ್ತಿತ್ತು! ನಿಲ್ಕುಂದದ ಆ ಪತ್ರದ ಹಿಂಬದಿ ಖಾಲಿಯಿದೆ ಎಂಬುದನ್ನೂ ನೋಡಿಕೊಂಡಿತ್ತು.

ಇವರಿಗೆ ಗೊತ್ತಾಗದೇ ಇರುತ್ತದೆಯೇ? ಹತ್ತೊಂಬತ್ತು ವರ್ಷ ಅದೇ ಮುಖ ಹೊತ್ತು ತಿರುಗಿದವರು. ಒದ್ದೆ ಕಣ್ಣಲ್ಲೇ ನಕ್ಕರು.

"ಹೋಗು, ಬರ್ಕ. ಇಲ್ದಿದ್ರೆ ಮರ್ತುಹೋಗ್ತು. ನಿಲ್ಕುಂದದಲ್ಲಿ ಅದನ್ನೇ ಓದು. ಎನ್ನನ್ನೂ ಕರ್ಕಂಡು ಹೋಗು."

ನಾನು ಹೋಗಲಿಲ್ಲ. ತಣ್ಣೀರಿನಲ್ಲಿ ಸೆರಗು ಅದ್ದಿ ಇವರ ಕಣ್ಣಿಗೆ ಒತ್ತಿದೆ. ಆಮೇಲೆ ಚಾಪೆಯ ಮೇಲೆ ಇವರ ಪಕ್ಕ ಕೂತು, 'ನಾಡಿನ ಹೆಮ್ಮೆಯ ಮಗಳೇ' ಎಂಬ ಪತ್ರದ ಗಾಜನ್ನು ಎಳೆದುಕೊಂಡು ಎಣ್ಣೆ ಸವರಿದೆ. ಇವರು ಉಂಡೆ ಕೊಟ್ಟರು, ನಾನು ಒತ್ತಿದೆ. ಹಿಟ್ಟು ಪೂರ್ತಿ ಮುಗಿದ ಮೇಲೆಯೇ ಎದ್ದು ಕೈ ತೊಳೆದುಕೊಂಡು ಬರೆಯಲು ಕೂತೆ. ಒಂದು ಮಾತೂ ಮರೆತಿರಲಿಲ್ಲ.